ಇಂಫಾಲದ ಬಯಲಿಗೆ ಎದುರುಬದುರಾದ ಎರಡು ಸೇನೆಗಳು

1944ರ ಮಾರ್ಚ್‌ನಿಂದ ಜುಲೈವರೆಗೆ ಮಣಿಪುರದ ಇಂಫಾಲ ಕಣಿವೆಯಲ್ಲೂ ನಾಗಾ ಗುಡ್ಡಗಳ ಕೊಹಿಮಾದಲ್ಲೂ ನಡೆದ ಕಾಳಗ ಎರಡನೆಯ ಮಹಾಯುದ್ಧದಲ್ಲಿ ಭಾರತದ ನೆಲ ಕಂಡ ಅತಿ ದೊಡ್ಡ ಕದನ. ಒಂದು ಕಡೆ ಬರ್ಮಾದಿಂದ ಚಿಂದ್ವಿನ್ ನದಿ ದಾಟಿ ಬಂದ ಜಪಾನಿನ 15ನೇ ಸೇನೆ, ಅದರ ಜೊತೆ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ದಳಗಳು. ಇನ್ನೊಂದು ಕಡೆ ಬ್ರಿಟಿಷರ 14ನೇ ಸೇನೆ. ಅದರಲ್ಲಿ ಬಂದೂಕು ಹಿಡಿದವರ ಪೈಕಿ ಹೆಚ್ಚಿನವರು ಭಾರತೀಯರು ಮತ್ತು ಗೂರ್ಖರು. ಹಾಗಾಗಿ ಈ ಕದನದಲ್ಲಿ ಭಾರತೀಯ ಸಿಪಾಯಿಗಳು ಎರಡೂ ಕಡೆ ಇದ್ದರು.

ಡಿವಿಷನ್‌ಗಳನ್ನಷ್ಟೇ ಎಣಿಸಿದರೆ ಮೊದಲ ದಿನಗಳಲ್ಲಿ ಎರಡೂ ಪಕ್ಷ ಸರಿಸಮ: ಇಂಫಾಲದ ಸುತ್ತ ಬ್ರಿಟಿಷರ ಮೂರು, ಅವುಗಳ ಮೇಲೆ ಏರಿ ಬಂದ ಜಪಾನಿನ ಮೂರು. ಆದರೆ ಆ ಡಿವಿಷನ್‌ಗಳನ್ನು ಕಟ್ಟಿದ ರೀತಿ, ಅವುಗಳಿಗೆ ಅನ್ನ ಮತ್ತು ಮದ್ದುಗುಂಡು ಬರುತ್ತಿದ್ದ ದಾರಿ, ಬೆನ್ನಿಗಿದ್ದ ವಿಮಾನಗಳು ಯಾರ ಮಾತು ಕೇಳುತ್ತಿದ್ದವು ಎಂಬ ವ್ಯವಸ್ಥೆ, ಇವೆಲ್ಲ ಎರಡು ಕಡೆ ಬೇರೆ ಬೇರೆಯಾಗಿದ್ದವು. ನಾಲ್ಕು ತಿಂಗಳ ಹೋರಾಟದ ಗತಿ ತೀರ್ಮಾನವಾದದ್ದು ಬಹುಮಟ್ಟಿಗೆ ಇಲ್ಲಿಯೇ.

ಬ್ರಿಟಿಷ್ ಭಾರತದ ಸೇನೆಯಲ್ಲಿ ಲೆಕ್ಕ ಶುರುವಾಗುತ್ತಿದ್ದದ್ದು ಬೆಟಾಲಿಯನ್‌ನಿಂದ. ಒಂದು ಬೆಟಾಲಿಯನ್ನಿನಲ್ಲಿ ಸುಮಾರು 800 ಜನ. ಮೂರು ಬೆಟಾಲಿಯನ್ ಸೇರಿ ಒಂದು ಬ್ರಿಗೇಡ್, ಮೂರು ಬ್ರಿಗೇಡ್ ಸೇರಿ ಒಂದು ಡಿವಿಷನ್. ಒಂದು ಬ್ರಿಗೇಡಿನಲ್ಲಿ ಬ್ರಿಟಿಷ್, ಭಾರತೀಯ, ಗೂರ್ಖಾ ಬೆಟಾಲಿಯನ್‌ಗಳನ್ನು ಬೆರೆಸಿ ಇಡುವುದು ರೂಢಿ. ಡಿವಿಷನ್‌ಗೆ ತನ್ನದೇ ಫಿರಂಗಿ ರೆಜಿಮೆಂಟ್‌ಗಳು, ಸೇತುವೆ ಮತ್ತು ರಸ್ತೆ ಕೆಲಸದ ಸ್ಯಾಪರ್ ಕಂಪನಿಗಳು, ಸಿಗ್ನಲ್ ವಿಭಾಗ, ಗಾಯಾಳುಗಳನ್ನು ನೋಡಿಕೊಳ್ಳುವ ಫೀಲ್ಡ್ ಆಂಬುಲೆನ್ಸ್, ಲಾರಿ ಮತ್ತು ಹೇಸರಗತ್ತೆಗಳ ಸಾಗಣೆ ದಳ ಇರುತ್ತಿದ್ದವು. ಎರಡು ಮೂರು ಡಿವಿಷನ್‌ಗಳ ಮೇಲೆ ಒಂದು ಕೋರ್, ಕೋರ್‌ಗಳ ಮೇಲೆ ಸೇನೆ.

ಜಪಾನಿನ ಏಣಿ ಸ್ವಲ್ಪ ಬೇರೆ. ಅಲ್ಲಿ ಮೂರು ಬೆಟಾಲಿಯನ್‌ಗಳ ಘಟಕಕ್ಕೆ ರೆಜಿಮೆಂಟ್ ಎಂದು ಹೆಸರು; ಅದರ ಮುಖ್ಯಸ್ಥ ಕರ್ನಲ್. ಡಿವಿಷನ್ನಿನ ಮೂರು ಪದಾತಿ ರೆಜಿಮೆಂಟ್‌ಗಳನ್ನು ಸಂಭಾಳಿಸಲು ಒಬ್ಬ ಮೇಜರ್ ಜನರಲ್‌ನ ಅಧೀನದಲ್ಲಿ ಪದಾತಿ ಗುಂಪಿನ ಕಚೇರಿಯೊಂದು ಇರುತ್ತಿತ್ತು. ಅಗತ್ಯ ಬಿದ್ದರೆ ಆ ಅಧಿಕಾರಿಗೆ ಒಂದಿಷ್ಟು ಪಡೆ ಕೊಟ್ಟು ಸ್ವತಂತ್ರವಾಗಿ ಕಳಿಸುತ್ತಿದ್ದರು. ಜಪಾನಿನ ಲೆಕ್ಕದಲ್ಲಿ ಕೋರ್ ಎಂಬ ಮಟ್ಟವೇ ಇಲ್ಲ. ಡಿವಿಷನ್‌ಗಳ ಮೇಲೆ ನೇರವಾಗಿ ಸೇನೆ. ಆದ್ದರಿಂದ 15ನೇ ಸೇನೆ ಮತ್ತು 14ನೇ ಸೇನೆ ಎಂಬ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೋಸ ಹೋಗಬೇಕಾಗುತ್ತದೆ. ಜಪಾನಿನ 15ನೇ ಸೇನೆ ಬ್ರಿಟಿಷರ ಅಳತೆಯಲ್ಲಿ ಒಂದು ದೊಡ್ಡ ಕೋರ್ ಅಷ್ಟೆ.

ಮಿತ್ರರಾಷ್ಟ್ರಗಳ ಕಡೆ ಎಲ್ಲಕ್ಕೂ ಮೇಲೆ ಆಗ್ನೇಯ ಏಷ್ಯಾ ಕಮಾಂಡಿನ ಮುಖ್ಯಸ್ಥ ಲಾರ್ಡ್ ಮೌಂಟ್‌ಬ್ಯಾಟನ್. ಭೂಸೇನೆಗಳ ಮೇಲ್ವಿಚಾರಣೆ 11ನೇ ಆರ್ಮಿ ಗ್ರೂಪಿನ ಜನರಲ್ ಜಾರ್ಜ್ ಗಿಫರ್ಡ್ ಅವರದು. ಅವರ ಕೆಳಗೆ ಲೆಫ್ಟಿನೆಂಟ್ ಜನರಲ್ ವಿಲಿಯಂ ಸ್ಲಿಮ್ ಅವರ 14ನೇ ಸೇನೆ. ಅದರ ಕಚೇರಿ ಇಂದಿನ ಬಾಂಗ್ಲಾದೇಶದ ಕುಮಿಲ್ಲಾದಲ್ಲಿತ್ತು. ಸ್ಲಿಮ್ ಕೈಯಲ್ಲಿ ಎರಡು ರಂಗಗಳು: ದಕ್ಷಿಣಕ್ಕೆ ಸಮುದ್ರತೀರದ ಅರಾಕಾನ್‌ನಲ್ಲಿ 15ನೇ ಕೋರ್, ನಡುವೆ ಮಣಿಪುರದಲ್ಲಿ ಲೆಫ್ಟಿನೆಂಟ್ ಜನರಲ್ ಜೆಫ್ರಿ ಸ್ಕೂನ್ಸ್ ಅವರ 4ನೇ ಕೋರ್.

ಈ 4ನೇ ಕೋರ್ ನಿಂತಿದ್ದ ರೀತಿಯೇ ಅಪಾಯದ್ದು. ಇಂಫಾಲ ಸುತ್ತಲೂ ಗುಡ್ಡಗಳಿರುವ ಬಯಲು. ಅಲ್ಲಿಂದ ಉತ್ತರಕ್ಕೆ ಕೊಹಿಮಾ ಮೂಲಕ ದಿಮಾಪುರದ ರೈಲು ನಿಲ್ದಾಣಕ್ಕೆ ಸುಮಾರು 135 ಮೈಲಿಯ ಒಂದೇ ಒಂದು ಒಳ್ಳೆಯ ರಸ್ತೆ. ದಕ್ಷಿಣಕ್ಕೆ ತಿಡ್ಡಿಮ್ ರಸ್ತೆ, ಆಗ್ನೇಯಕ್ಕೆ ಪಾಲೇಲ್ ಮೂಲಕ ತಾಮು ರಸ್ತೆ, ಈಶಾನ್ಯಕ್ಕೆ ಉಖ್ರುಲ್ ದಾರಿ. ಮೇಜರ್ ಜನರಲ್ ಕೋವನ್ ಅವರ 17ನೇ ಭಾರತೀಯ ಲೈಟ್ ಡಿವಿಷನ್ ತಿಡ್ಡಿಮ್‌ನಲ್ಲಿತ್ತು, ಇಂಫಾಲದಿಂದ ನೂರೈವತ್ತಕ್ಕೂ ಹೆಚ್ಚು ಮೈಲಿ ದೂರದಲ್ಲಿ. ಗುಡ್ಡಗಾಡಿಗೆಂದು ಹಗುರಾಗಿಸಿದ ಈ ಡಿವಿಷನ್‌ಗೆ ಎರಡೇ ಬ್ರಿಗೇಡ್. ಓಡಾಟವೆಲ್ಲ ಜೀಪು ಮತ್ತು ಹೇಸರಗತ್ತೆಗಳ ಮೇಲೆ. ಗ್ರೇಸಿ ಅವರ 20ನೇ ಡಿವಿಷನ್ ತಾಮು ಕಡೆ ಹರಡಿಕೊಂಡಿತ್ತು. ರಾಬರ್ಟ್ಸ್ ಅವರ 23ನೇ ಡಿವಿಷನ್ ಇಂಫಾಲದಲ್ಲಿ ಮೀಸಲು. ಇವುಗಳ ಜೊತೆ 254ನೇ ಟ್ಯಾಂಕ್ ಬ್ರಿಗೇಡ್. ಅದರ ಒಂದು ರೆಜಿಮೆಂಟಿಗೆ ಅಮೆರಿಕದ ಲೀ ಟ್ಯಾಂಕುಗಳು, ಭಾರತೀಯರ 7ನೇ ಲೈಟ್ ಕ್ಯಾವಲ್ರಿಗೆ ಹಗುರವಾದ ಸ್ಟುವರ್ಟ್ ಟ್ಯಾಂಕುಗಳು. ಹೊಸದಾಗಿ ಬಂದ 50ನೇ ಪ್ಯಾರಾಶೂಟ್ ಬ್ರಿಗೇಡ್ ಉಖ್ರುಲ್ ಕಡೆ ಗಸ್ತಿಗೆ ಹೋಗಿತ್ತು.

ಶತ್ರು ಬಂದಾಗ ಹೊರಗಿನ ಎರಡು ಡಿವಿಷನ್‌ಗಳನ್ನು ಬಯಲಿಗೆ ಕರೆಸಿಕೊಂಡು, ತಮ್ಮ ವಿಮಾನದಾಣಗಳ ಪಕ್ಕದಲ್ಲೇ, ಜಪಾನೀಯರು ತಮ್ಮ ನೆಲೆಯಿಂದ ದೂರವಾದ ಮೇಲೆ ಹೋರಾಡುವುದು ಎಂಬುದು ಸ್ಲಿಮ್ ಮತ್ತು ಸ್ಕೂನ್ಸ್ ಅವರ ಲೆಕ್ಕಾಚಾರ. ಲೆಕ್ಕ ಸರಿಯಾಗಿಯೇ ಇತ್ತು, ಹಿಮ್ಮೆಟ್ಟುವ ಆಜ್ಞೆ ಮಾತ್ರ ತಡವಾಯಿತು. 17ನೇ ಡಿವಿಷನ್‌ಗೆ ಮಾರ್ಚ್ 13ರಂದು ಆಜ್ಞೆ ಹೋಗುವ ಹೊತ್ತಿಗೆ ಜಪಾನೀಯರು ಅದರ ಬೆನ್ನ ಹಿಂದೆ ರಸ್ತೆ ಕಡಿಯುತ್ತಿದ್ದರು.

ಜಪಾನಿನ ಕಡೆ ಬರ್ಮಾದ ಒಟ್ಟು ಹೊಣೆ ಲೆಫ್ಟಿನೆಂಟ್ ಜನರಲ್ ಮಸಕಾಝು ಕವಾಬೆ ಅವರದು. ಅವರ ಅಧೀನದ 15ನೇ ಸೇನೆಯ ದಂಡನಾಯಕ ರೆನ್ಯಾ ಮುತಾಗುಚಿ. ಇಂಫಾಲದ ದಾಳಿಗೆ ಹಟ ಹಿಡಿದು ಒಪ್ಪಿಗೆ ಪಡೆದವರು ಅವರೇ. 1944ರ ಜನವರಿಯಲ್ಲಿ ಟೋಕಿಯೊ ಒಪ್ಪಿತು; ಕಾರ್ಯಾಚರಣೆಗೆ ಯು-ಗೋ ಎಂದು ಹೆಸರಾಯಿತು. ಅವರ ಕೈಗೆ ಸಿಕ್ಕ ಪಡೆ ಸುಮಾರು 85,000. ಫೆಬ್ರವರಿಯಲ್ಲಿ ಅರಾಕಾನ್‌ನಲ್ಲಿ ಹಾ-ಗೋ ಎಂಬ ಇನ್ನೊಂದು ದಾಳಿ ಮೊದಲೇ ನಡೆದಿತ್ತು. ಸ್ಲಿಮ್ ಅವರ ಮೀಸಲು ಪಡೆಗಳನ್ನು ಅತ್ತ ಸೆಳೆಯುವುದು ಅದರ ಉದ್ದೇಶ.

ಮುತಾಗುಚಿಯ ಮೂರು ಡಿವಿಷನ್‌ಗಳಿಗೆ ಮೂರು ಕೆಲಸ. ಯನಗಿದಾ ಅವರ 33ನೆಯದು ಮಾರ್ಚ್ 8ರ ಹೊತ್ತಿಗೆ ದಕ್ಷಿಣದಿಂದ ಹೊರಟು 17ನೇ ಡಿವಿಷನ್ನನ್ನು ಸುತ್ತುವರಿದು, ಬ್ರಿಟಿಷರ ಮೀಸಲನ್ನು ಆ ಕಡೆಗೆ ಎಳೆಯಬೇಕು. ಒಂದು ವಾರ ಬಿಟ್ಟು, ಮಾರ್ಚ್ 15ರ ರಾತ್ರಿ, ಯಮಾಉಚಿ ಅವರ 15ನೇ ಡಿವಿಷನ್ ಚಿಂದ್ವಿನ್ ದಾಟಿ ಇಂಫಾಲದ ಉತ್ತರಕ್ಕೆ ಬರಬೇಕು. ಸಾತೊ ಅವರ 31ನೇ ಡಿವಿಷನ್ ನೇರ ಕೊಹಿಮಾಗೆ ಹೋಗಿ ದಿಮಾಪುರದ ರಸ್ತೆಯನ್ನು ಹಿಡಿಯಬೇಕು. ಈ ಎರಡು ಡಿವಿಷನ್‌ಗಳ ದಾರಿ ಬೆಟ್ಟದ ಕಾಲುಹಾದಿ. ಹೀಗಾಗಿ ಬಿಚ್ಚಿ ಹೊರಬಹುದಾದ ಬೆಟ್ಟದ ತೋಪುಗಳನ್ನು ಬಿಟ್ಟರೆ ದೊಡ್ಡ ಫಿರಂಗಿ ಇಲ್ಲ, ಟ್ಯಾಂಕನ್ನು ಎದುರಿಸುವ ತೋಪುಗಳೂ ಕಡಿಮೆ. ಟ್ಯಾಂಕ್ ರೆಜಿಮೆಂಟನ್ನೂ ಭಾರಿ ಫಿರಂಗಿಗಳನ್ನೂ 33ನೇ ಡಿವಿಷನ್ನಿನ ಪದಾತಿ ಗುಂಪಿನ ಮೇಜರ್ ಜನರಲ್ ಯಮಾಮೊತೊಗೆ ಕೊಟ್ಟು ತಾಮು-ಪಾಲೇಲ್ ರಸ್ತೆಗೆ ಕಳಿಸಲಾಯಿತು. ಅವುಗಳು ಸಾಗಬಹುದಾದ ದಾರಿ ಅದೊಂದೇ.

ಆಹಾರದ ವ್ಯವಸ್ಥೆ ಇನ್ನೂ ಬಿಗಿ. ಸಿಪಾಯಿಗಳ ಜೊತೆ ಹೋದದ್ದು ಸುಮಾರು 20 ದಿನದ ರೇಷನ್. ಅಷ್ಟರೊಳಗೆ ಇಂಫಾಲದ ಬ್ರಿಟಿಷ್ ಉಗ್ರಾಣಗಳು ಕೈಗೆ ಸಿಗಬೇಕು. ಸಾಮಾನು ಹೊರಲೂ, ಕೊನೆಗೆ ಕಡಿದು ತಿನ್ನಲೂ ಆಗಲೆಂದು ಸಾವಿರಾರು ಎತ್ತುಗಳನ್ನು ಹೊಡೆದುಕೊಂಡು ಹೊರಟರು; ಆನೆಗಳೂ ಇದ್ದವು. ಬಯಲಿನ ಬೇಸಾಯದ ಎತ್ತುಗಳು ಎಷ್ಟೋ ನದಿಯಲ್ಲೇ ಕೊಚ್ಚಿಹೋದವು, ಉಳಿದವು ಕಡಿದಾದ ಏರುಗಳಲ್ಲಿ ಬಿದ್ದು ಸತ್ತವು. ಹಿಂದಿನಿಂದ ಸರಬರಾಜು ಬರುತ್ತಲೇ ಇರಬೇಕು ಎಂಬ ಕಟ್ಟುಪಾಡೇ ಈ ಯೋಜನೆಯಲ್ಲಿ ಇರಲಿಲ್ಲ. 1942ರಲ್ಲಿ ಇಂಥದೇ ಧೈರ್ಯದಿಂದ ಜಪಾನೀಯರು ಮಲಯ ಮತ್ತು ಬರ್ಮಾವನ್ನು ಗೆದ್ದಿದ್ದರು. ಆಗ ಎದುರಿಗಿದ್ದವರು ರಸ್ತೆ ಕಡಿದರೆ ಸಾಕು, ಹಿಮ್ಮೆಟ್ಟುತ್ತಿದ್ದರು.

ಆಜಾದ್ ಹಿಂದ್ ಫೌಜಿನ 1ನೇ ಡಿವಿಷನ್ ಎಂ.ಝಡ್. ಕಿಯಾನಿ ಅವರ ನಾಯಕತ್ವದಲ್ಲಿತ್ತು. ಅದರ ಘಟಕಗಳಿಗೆ ಸುಭಾಷ್, ಗಾಂಧಿ, ಆಜಾದ್ ಬ್ರಿಗೇಡ್ ಎಂಬ ಹೆಸರುಗಳು. ಶಾ ನವಾಜ್ ಖಾನ್ ಅವರ ಸುಭಾಷ್ ಬ್ರಿಗೇಡಿನ ಬಹುಭಾಗ ಚಿನ್ ಗುಡ್ಡಗಳಲ್ಲಿ ಜಪಾನೀಯರ ಪಕ್ಕೆ ಕಾಯುವ ಕೆಲಸಕ್ಕೆ ಹೋಯಿತು. ಗಾಂಧಿ ಮತ್ತು ಆಜಾದ್ ಬ್ರಿಗೇಡ್‌ಗಳು ಯಮಾಮೊತೊನ ತಾಮು-ಪಾಲೇಲ್ ರಂಗಕ್ಕೆ ಬಂದವು. ಇವರಿಗೆ ಫಿರಂಗಿ ಇರಲಿಲ್ಲ. ಕೈಯಲ್ಲಿದ್ದದ್ದು ಹೆಚ್ಚಾಗಿ ಸಿಂಗಪುರದಲ್ಲಿ ಬ್ರಿಟಿಷರಿಂದ ವಶವಾದ ಬಂದೂಕುಗಳು. ಇವರಲ್ಲದೆ, ಶತ್ರುಪಾಳೆಯದ ಭಾರತೀಯ ಸಿಪಾಯಿಗಳನ್ನು ಮಾತಿನಿಂದ ಒಲಿಸಿಕೊಳ್ಳಲೆಂದು ಜಪಾನಿನ ಡಿವಿಷನ್‌ಗಳ ಜೊತೆ ಸಣ್ಣ ಸಣ್ಣ ವಿಶೇಷ ತಂಡಗಳನ್ನು ಹಂಚಲಾಗಿತ್ತು. ಅಂಥದೊಂದು ತಂಡದೊಂದಿಗೆ ಬಂದ ಶೌಕತ್ ಮಲಿಕ್ ಏಪ್ರಿಲ್ 14ರಂದು ಮೊಯಿರಾಂಗ್‌ನಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಭಾರತದ ಜನರ ನೆನಪಿನಲ್ಲಿ ಈ ಕದನದಿಂದ ಹೆಚ್ಚು ಉಳಿದಿರುವುದು ಬಹುಶಃ ಆ ಒಂದು ದಿನವೇ.

ಆಕಾಶದಲ್ಲಿ ಎರಡು ಪಕ್ಷಗಳ ಅಂತರ ನೆಲದ ಮೇಲಿಗಿಂತ ಬಹಳ ದೊಡ್ಡದು. ಬ್ರಿಟಿಷ್ ಮತ್ತು ಅಮೆರಿಕನ್ ಘಟಕಗಳನ್ನು ಬೆಸೆದು 1943ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಏರ್ ಕಮಾಂಡ್ ಕಟ್ಟಲಾಗಿತ್ತು; ಮುಖ್ಯಸ್ಥ ಅಮೆರಿಕದ ಮೇಜರ್ ಜನರಲ್ ಸ್ಟ್ರೇಟ್‌ಮೆಯರ್. ಅದರಲ್ಲಿ ದೂರದ ಗುರಿಗಳ ಮೇಲೆ ಬಾಂಬು ಹಾಕುವ ದಳ ಒಂದು, ಏರ್ ಮಾರ್ಷಲ್ ಬಾಲ್ಡ್ವಿನ್ ಅವರ 3ನೇ ಟ್ಯಾಕ್ಟಿಕಲ್ ಏರ್ ಫೋರ್ಸ್ ಒಂದು, ಅಮೆರಿಕದ ಬ್ರಿಗೇಡಿಯರ್ ಜನರಲ್ ವಿಲಿಯಂ ಓಲ್ಡ್ ಅವರ ಸಾಗಣೆ ವಿಮಾನಗಳ ದಳ ಒಂದು. ಬಾಲ್ಡ್ವಿನ್ ಮತ್ತು ಓಲ್ಡ್ ಇಬ್ಬರೂ ಸ್ಲಿಮ್ ಜೊತೆ ಕುಮಿಲ್ಲಾದಲ್ಲೇ ಕೂತಿದ್ದರು. ಕಾಯಿದೆ ಪ್ರಕಾರ ಅವರು ಸ್ಲಿಮ್ ಅಧೀನದವರಲ್ಲ. ಆದರೆ ಬೆಳಗಿನ ವರದಿಯನ್ನು ಒಟ್ಟಿಗೆ ಕೇಳಿ, ಯಾವ ವಿಮಾನ ಎಲ್ಲಿಗೆ ಎಂಬುದನ್ನು ಎದುರೆದುರೇ ತೀರ್ಮಾನಿಸಬಹುದಿತ್ತು. ಇಂಫಾಲ ರಂಗದ ವಿಮಾನಗಳು ಏರ್ ವೈಸ್ ಮಾರ್ಷಲ್ ವಿನ್ಸೆಂಟ್ ಅವರ 221ನೇ ಗ್ರೂಪಿನವು. ಅವರ ಕಚೇರಿ ಇಂಫಾಲದಲ್ಲೇ, ಮುತ್ತಿಗೆಯ ಒಳಗೇ.

ಬಯಲಿನಲ್ಲಿ ಆರು ವಿಮಾನದಾಣಗಳು. ಇಂಫಾಲ ಮತ್ತು ಪಾಲೇಲ್‌ನವು ಮಳೆಗಾಲಕ್ಕೂ ತಡೆಯುವಂಥವು. ತುಲಿಹಾಲ್‌ನಲ್ಲಿದ್ದುದು ಇಂದಿನ ಇಂಫಾಲ ವಿಮಾನ ನಿಲ್ದಾಣದ ಜಾಗ. ಕಾವಲಿಗೆ ಸ್ಪಿಟ್‌ಫೈರ್, ಬಾಂಬು ಹೊರಲು ಹರಿಕೇನ್, ನೆಟ್ಟಗೆ ಎರಗಿ ಬಾಂಬು ಹಾಕಲು ವೆಂಜೆನ್ಸ್. ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ 1944ರ ಆರಂಭದಲ್ಲಿ ಅರ್ಜನ್ ಸಿಂಗ್ ಮುಂದಾಳತ್ವದಲ್ಲಿ ಇಂಫಾಲಕ್ಕೆ ಬಂತು. ಹರಿಕೇನ್‌ಗಳಲ್ಲಿ ಮರಗಳ ತುದಿ ಸವರಿಕೊಂಡು ಹಾರಿ, ಶತ್ರುವಿನ ಚಲನವಲನ ನೋಡಿ ಬಂದು ಹೇಳುವುದು ಅದರ ಮುಖ್ಯ ಕೆಲಸ. ಅರ್ಜನ್ ಸಿಂಗ್‌ಗೆ ಡಿ.ಎಫ್.ಸಿ. ಪದಕವನ್ನು ಮೌಂಟ್‌ಬ್ಯಾಟನ್ ಅಲ್ಲಿಯ ರನ್‌ವೇ ಮೇಲೆಯೇ ತೊಡಿಸಿದರು.

ಜಪಾನಿನ ಕಡೆ ಇಡೀ ಬರ್ಮಾಕ್ಕೆ ಇದ್ದದ್ದು ನೊಬೊರು ತಾಝೊಎ ಅವರ 5ನೇ ಏರ್ ಡಿವಿಷನ್ ಒಂದೇ. ಅದರ ಬಲ ಹಯಾಬುಸಾ ಎಂಬ ಹಗುರವಾದ ಫೈಟರ್ ವಿಮಾನಗಳು. ಅದು ಉತ್ತರ ಕೊಡಬೇಕಿದ್ದದ್ದು ಸಿಂಗಪುರದ 3ನೇ ಏರ್ ಆರ್ಮಿಗೆ, ಮುತಾಗುಚಿಗೆ ಅಲ್ಲ. ಮಾರ್ಚ್ 5ರಿಂದ ಶತ್ರುವಿನ ಬೆನ್ನ ಹಿಂದೆ ಹೋರಾಡಲೆಂದು ಕಟ್ಟಿದ, ಬ್ರಿಟಿಷ್ ಸೇನಾನಿ ವಿಂಗೇಟ್ ಅವರ ಚಿಂದಿತ್ ಪಡೆಗಳು ಗ್ಲೈಡರ್ ಮತ್ತು ಡಕೋಟಾ ಸಾಗಣೆ ವಿಮಾನಗಳಲ್ಲಿ ಬರ್ಮಾದ ಒಳಗೆ ಇಳಿದಾಗ, ಮೊದಲು ಇದನ್ನು ನೋಡಿಕೊಳ್ಳಿ ಎಂದು ತಾಝೊಎ ಒತ್ತಾಯಿಸಿದರು. ಮುತಾಗುಚಿ ಇಂಫಾಲ ಬಿಡಲು ಒಪ್ಪಲಿಲ್ಲ. ಇದ್ದ ಕೆಲವೇ ವಿಮಾನಗಳು ಎರಡು ಕಡೆ ಹಂಚಿಹೋದವು. ಡಕೋಟಾಗಳ ಸಾಲನ್ನು ತಡೆಯುವ ಶಕ್ತಿ ಆಮೇಲೆ ಅವಕ್ಕೆ ಉಳಿಯಲಿಲ್ಲ.

ಕದನ ಶುರುವಾದ ಕೂಡಲೇ ಬ್ರಿಟಿಷರ ಅಚ್ಚುಕಟ್ಟಾದ ಪಟ್ಟಿ ಕಲಸಿಹೋಯಿತು. 17ನೇ ಡಿವಿಷನ್ನನ್ನು ಬಿಡಿಸಲು ಸ್ಕೂನ್ಸ್ ತಮ್ಮ ಮೀಸಲಾದ 23ನೇ ಡಿವಿಷನ್ನಿನ ಎರಡು ಬ್ರಿಗೇಡ್‌ಗಳನ್ನು ತಿಡ್ಡಿಮ್ ರಸ್ತೆಗೆ ಕಳಿಸಬೇಕಾಯಿತು. ಇದರಿಂದ ಉಖ್ರುಲ್ ಕಡೆ ಬರಿದಾಯಿತು. ಅಲ್ಲಿ ಉಳಿದದ್ದು ಪ್ಯಾರಾಶೂಟ್ ಬ್ರಿಗೇಡ್ ಮತ್ತು ಹೊರಟುಹೋದ ಬ್ರಿಗೇಡ್ ಹಿಂದೆ ಬಿಟ್ಟ ಒಂದು ಬೆಟಾಲಿಯನ್, 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 4ನೆಯದು. ಈ ರೆಜಿಮೆಂಟಿನ ಕೇಂದ್ರ ಆಗಲೂ ಈಗಲೂ ಬೆಳಗಾವಿ. ಮಾರ್ಚ್ 22ರಿಂದ 26ರವರೆಗೆ ಸಂಗ್‌ಶಾಕ್ ಎಂಬ ಗುಡ್ಡದ ಹಳ್ಳಿಯಲ್ಲಿ ಇವರು ಮುಳ್ಳುತಂತಿಯೂ ಇಲ್ಲದೆ, ಸಾಕಷ್ಟು ನೀರೂ ಇಲ್ಲದೆ ನಿಂತರು. ವಿಮಾನದಿಂದ ಉದುರಿಸಿದ ಸಾಮಾನಿನಲ್ಲಿ ಬಹುಪಾಲು ಜಪಾನೀಯರ ಕಡೆಗೇ ಬಿತ್ತು. ಅವರ ಮೇಲೆ ಬಿದ್ದವರು ಕೊಹಿಮಾಗೆ ಹೊರಟಿದ್ದ 31ನೇ ಡಿವಿಷನ್ನಿನ ಮೇಜರ್ ಜನರಲ್ ಮಿಯಾಝಾಕಿ. ಯೋಜನೆ ಪ್ರಕಾರ ಸಂಗ್‌ಶಾಕ್ ಅವರ ಪಾಲಿನದೇ ಅಲ್ಲ, ಪಕ್ಕದ 15ನೇ ಡಿವಿಷನ್ನಿನದು. ಶತ್ರುವನ್ನು ಬೆನ್ನಿಗೆ ಬಿಟ್ಟು ಹೋಗಲು ಒಪ್ಪದೆ ಅವರು ಅಲ್ಲಿ ಕಳೆದ ದಿನಗಳಲ್ಲಿ ಕೊಹಿಮಾಗೆ ಉಸಿರಾಡಲು ಬಿಡುವು ಸಿಕ್ಕಿತು. ಸತ್ತ ಜಪಾನಿ ಅಧಿಕಾರಿಯೊಬ್ಬನ ಬಳಿ ಸಿಕ್ಕ ನಕ್ಷೆಯಿಂದ 31ನೇ ಡಿವಿಷನ್ನಿನ ದಾರಿಯೂ ಬಯಲಾಯಿತು.

ಅರಾಕಾನ್ ದಾಳಿ ಸ್ಲಿಮ್ ಅವರ ಪಡೆಗಳನ್ನು ದಕ್ಷಿಣಕ್ಕೆ ಸೆಳೆದದ್ದು ನಿಜ. ಆದರೆ ಅಲ್ಲಿದ್ದ 5ನೇ ಭಾರತೀಯ ಡಿವಿಷನ್ ಮಾರ್ಚ್ 19ರಿಂದ ಹತ್ತು ದಿನದಲ್ಲಿ ಜೀಪು, ಫಿರಂಗಿ, ಹೇಸರಗತ್ತೆಗಳ ಸಮೇತ ವಿಮಾನದಲ್ಲಿ ಬಂದಿಳಿಯಿತು. ಹೋರಾಟದಲ್ಲಿ ತೊಡಗಿದ್ದ ಒಂದು ಡಿವಿಷನ್ನನ್ನು ಹೀಗೆ ಒಂದು ರಂಗದಿಂದ ಕಿತ್ತು ಇನ್ನೊಂದರಲ್ಲಿ ಇಳಿಸಿದ್ದು ಅದೇ ಮೊದಲು. ಡಕೋಟಾಗಳು ಸಾಲದಾದಾಗ ಮೌಂಟ್‌ಬ್ಯಾಟನ್, ಚೀನಾಕ್ಕೆ ಸಾಮಾನು ಒಯ್ಯುತ್ತಿದ್ದ ಅಮೆರಿಕದ 20 ದೊಡ್ಡ ಕಮಾಂಡೊ ವಿಮಾನಗಳನ್ನು ತಮ್ಮ ಹೊಣೆಯ ಮೇಲೆ ತಿರುಗಿಸಿಕೊಂಡರು. ಎರಡು ಬ್ರಿಗೇಡ್ ಇಂಫಾಲದಲ್ಲಿ ಇಳಿದವು. ವಾರನ್ ಅವರ 161ನೆಯದು ದಿಮಾಪುರ ಕಡೆಗೆ ಹೋಯಿತು.

ಈ 161ನೇ ಬ್ರಿಗೇಡಿನ ಕಥೆಯಲ್ಲಿ ಬ್ರಿಟಿಷ್ ಆಡಳಿತದ ಗೊಂದಲವೂ ಕಾಣುತ್ತದೆ. ಕೊಹಿಮಾ ಮೊದಲು ಸ್ಕೂನ್ಸ್ ಕೈಯಲ್ಲಿತ್ತು, ಆಮೇಲೆ ಹಿಂಬದಿಯ ಸಾಗಣೆ ದಾರಿ ನೋಡಿಕೊಳ್ಳುವ ಮೇಜರ್ ಜನರಲ್ ರಾಂಕಿಂಗ್‌ಗೆ ಹೋಯಿತು, ಏಪ್ರಿಲ್ ಆರಂಭದಲ್ಲಿ ಸ್ಟಾಪ್‌ಫರ್ಡ್ ಅವರ 33ನೇ ಕೋರ್‌ಗೆ ಬಂತು. ಬ್ರಿಗೇಡ್ ಕೊಹಿಮಾ ತಲುಪಿದ ಮೇಲೆ, ದಿಮಾಪುರದ ಉಗ್ರಾಣ ಮುಖ್ಯ ಎಂದು ಅದನ್ನು ವಾಪಸ್ ಕರೆಸಲಾಯಿತು. ಮತ್ತೆ ಓಡಿಸಿದಾಗ ಒಳಗೆ ಸೇರಿಕೊಳ್ಳಲು ಆದದ್ದು ಮುಖ್ಯವಾಗಿ ಒಂದು ಬೆಟಾಲಿಯನ್‌ಗೆ, ರಾಯಲ್ ವೆಸ್ಟ್ ಕೆಂಟ್‌ನ 4ನೆಯದಕ್ಕೆ. ಅವರೂ, ಅಸ್ಸಾಂ ರೆಜಿಮೆಂಟ್, ಅಸ್ಸಾಂ ರೈಫಲ್ಸ್‌ನವರೂ ಸೇರಿ ಸುಮಾರು 1,500 ಕಾದಾಳುಗಳು ಒಂದು ಡಿವಿಷನ್ನಿನ ಎದುರು ಎರಡು ವಾರ ನಿಂತರು. ಬ್ರಿಗೇಡಿನ ಉಳಿದ ಎರಡು ಬೆಟಾಲಿಯನ್‌ಗಳು ಎರಡು ಮೈಲಿ ಆಚೆ ಜೊತ್ಸೊಮಾದಲ್ಲಿ ತಾವೂ ಮುತ್ತಿಗೆಯಲ್ಲಿದ್ದವು. ಆದರೆ ಅಲ್ಲಿಂದ ಭಾರತೀಯ ಮೌಂಟನ್ ಬ್ಯಾಟರಿಗಳ ತೋಪುಗಳು, ಕೊಹಿಮಾದ ಒಳಗಿನಿಂದ ರೇಡಿಯೊದಲ್ಲಿ ಬಂದ ಸೂಚನೆಯಂತೆ, ಕಂದಕಗಳ ಮುಂದೆ ಕೆಲವೇ ಗಜ ದೂರದಲ್ಲಿ ಗುಂಡು ಬೀಳಿಸುತ್ತಿದ್ದವು.

ಬೇರೆ ಬೇರೆ ಕಡೆಯ ತುಂಡುಗಳು ಒಂದೇ ದಿನದ ಕೆಲಸಕ್ಕೆ ಹೇಗೆ ಕೂಡುತ್ತಿದ್ದವು ಎಂಬುದಕ್ಕೆ ಏಪ್ರಿಲ್ 13ರ ನುಂಗ್‌ಶಿಗುಮ್ ಒಳ್ಳೆಯ ಉದಾಹರಣೆ. ಇಂಫಾಲದಿಂದ ಕೆಲವೇ ಮೈಲಿ ದೂರದ, ಬಯಲಿನ ಮೇಲೆ ಸಾವಿರ ಅಡಿ ಎದ್ದು ನಿಂತ ಈ ಗುಡ್ಡವನ್ನು 15ನೇ ಡಿವಿಷನ್ ಹಿಡಿದಿತ್ತು. ಅದನ್ನು ಹತ್ತಿದವರು ಮೂರು ವಾರದ ಹಿಂದಷ್ಟೇ ಅರಾಕಾನ್‌ನಿಂದ ಹಾರಿ ಬಂದ ಡಿವಿಷನ್ನಿನ ಡೋಗ್ರಾ ಬೆಟಾಲಿಯನ್‌ನವರು. ಮೊದಲು ವೆಂಜೆನ್ಸ್ ಮತ್ತು ಹರಿಕೇನ್‌ಗಳು ಬಾಂಬು ಹಾಕಿದವು, ಆಮೇಲೆ ಫಿರಂಗಿಗಳು ಸದ್ದು ಮಾಡಿದವು. ಜೊತೆಗೆ ಯಾರೂ ನಿರೀಕ್ಷಿಸದಂತೆ ಲೀ ಟ್ಯಾಂಕುಗಳು ಕಡಿದಾದ ಏಣುಗಳ ಮೇಲೆ ಒಂದರ ಹಿಂದೆ ಒಂದು ಹತ್ತಿದವು. ಟ್ಯಾಂಕು ಜಾರದಂತೆ ಚಾಲಕನಿಗೆ ದಾರಿ ಹೇಳಲು ಟ್ಯಾಂಕ್ ಅಧಿಕಾರಿಗಳು ತಲೆ ಹೊರಗೆ ಹಾಕಲೇಬೇಕಿತ್ತು. ಅಲ್ಲೇ ಒಬ್ಬೊಬ್ಬರಾಗಿ ಗುಂಡಿಗೆ ಸಿಕ್ಕರು. ಟ್ಯಾಂಕ್ ಸ್ಕ್ವಾಡ್ರನ್ನಿನ ಅಧಿಕಾರಿಗಳೆಲ್ಲ ಸತ್ತು ಇಲ್ಲವೆ ಗಾಯಗೊಂಡು ಬಿದ್ದ ಮೇಲೆ ಒಬ್ಬ ಸಾರ್ಜೆಂಟ್ ಮೇಜರ್ ಟ್ಯಾಂಕುಗಳನ್ನೂ, ಸುಬೇದಾರರು ಡೋಗ್ರಾಗಳನ್ನೂ ನಡೆಸಿ ತುದಿ ಮುಟ್ಟಿಸಿದರು. ಎದುರಿಗಿದ್ದ ಜಪಾನಿ ಪದಾತಿಯ ಬಳಿ ಟ್ಯಾಂಕನ್ನು ನಿಲ್ಲಿಸುವ ತೋಪು ಇರಲಿಲ್ಲ.

ರಸ್ತೆ ಮುಚ್ಚಿದ ಇಂಫಾಲದಲ್ಲಿ ಸುಮಾರು 1,55,000 ಜನ, 11,000 ಪ್ರಾಣಿಗಳು ಉಳಿದಿದ್ದವು. ಏಪ್ರಿಲ್ 18ರಿಂದ ಆಪರೇಷನ್ ಸ್ಟ್ಯಾಮಿನಾ ಎಂಬ ಹೆಸರಿನಲ್ಲಿ ಇವರನ್ನು ಆಕಾಶದಿಂದ ಸಾಕುವ ಕೆಲಸ ನಡೆಯಿತು. ಮೆಡಿಟರೇನಿಯನ್ ಕಡೆಯಿಂದ ಒಂದಷ್ಟು ಡಕೋಟಾಗಳನ್ನು ಎರವಲು ತರಲಾಯಿತು. ಜೂನ್ ಕೊನೆಯ ಹೊತ್ತಿಗೆ ಸುಮಾರು 19,000 ಟನ್ ಸಾಮಾನು, 12,000ಕ್ಕೂ ಹೆಚ್ಚು ಸಿಪಾಯಿಗಳು ಒಳಗೆ ಬಂದರು. ಅದೇ ವಿಮಾನಗಳು ಮರಳುವಾಗ ಸುಮಾರು 13,000 ಗಾಯಾಳು-ರೋಗಿಗಳನ್ನೂ, ಹೋರಾಟಕ್ಕೆ ಬೇಡದ 43,000 ಜನರನ್ನೂ ಹೊರಗೆ ಸಾಗಿಸಿದವು. ಅಷ್ಟು ಬಾಯಿ ಕಡಿಮೆಯಾದದ್ದೂ ಒಂದು ಸರಬರಾಜೇ. ಇಂಥ ವಿಮಾನಗಳ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುವ ದೊಡ್ಡ ಕೇಂದ್ರಗಳಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಒಂದು. 1943ರಿಂದ ಅದು ಅಮೆರಿಕದ ವಾಯುಪಡೆಯ 84ನೇ ಏರ್ ಡಿಪೋ ಆಗಿ ನಡೆಯುತ್ತಿತ್ತು. ಬೆಂಗಳೂರೇ ಕೇಂದ್ರವಾಗಿದ್ದ ಮದ್ರಾಸ್ ಸ್ಯಾಪರ್ಸ್‌ನ ಕಂಪನಿಗಳೂ 14ನೇ ಸೇನೆಯ ರಸ್ತೆ, ಸೇತುವೆಗಳ ಕೆಲಸದಲ್ಲಿದ್ದವು.

ಜಪಾನೀಯರ 20 ದಿನ ಏಪ್ರಿಲ್ ಮೊದಲ ವಾರಕ್ಕೇ ಮುಗಿದಿತ್ತು. ಅಕ್ಕಿಯೂ ಮದ್ದುಗುಂಡೂ ಬರಲಿಲ್ಲ. ಸಾತೊ ಮೇ ಕೊನೆಯಲ್ಲಿ ಆಜ್ಞೆ ಮೀರಿ ತಮ್ಮ ಡಿವಿಷನ್ನನ್ನು ಕೊಹಿಮಾದಿಂದ ಹಿಂದಕ್ಕೆ ಕರೆದುಕೊಂಡು ಹೋದರು. ಕದನದ ನಡುವೆಯೇ ಮೂವರು ಡಿವಿಷನ್ ಮುಖ್ಯಸ್ಥರನ್ನೂ ಮುತಾಗುಚಿ ತೆಗೆದುಹಾಕಿದರು. ಜಪಾನಿನ ಸೇನೆಯಲ್ಲಿ ಹೀಗಾದದ್ದು ತೀರ ಅಪರೂಪ. ಕೊಹಿಮಾ ಕಡೆಯಿಂದ ಬಂದ, ಸ್ಟಾಪ್‌ಫರ್ಡ್ ಅವರ ಕೋರ್‌ನ ಬ್ರಿಟಿಷ್ 2ನೇ ಡಿವಿಷನ್ ಮತ್ತು ಇಂಫಾಲದಿಂದ ಹೊರಟ 5ನೇ ಭಾರತೀಯ ಡಿವಿಷನ್ ಜೂನ್ 22ರಂದು 109ನೇ ಮೈಲಿಗಲ್ಲಿನ ಬಳಿ ಸೇರಿಕೊಂಡವು. ಜುಲೈ ಆರಂಭದಲ್ಲಿ ಯು-ಗೋ ರದ್ದಾಯಿತು. ಜಪಾನ್ 50,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಅದರಲ್ಲಿ ಬಹಳಷ್ಟು ಜನ ಗುಂಡಿನಿಂದ ಸಾಯಲಿಲ್ಲ. ಹಸಿವು, ಮಲೇರಿಯಾ, ಆಮಶಂಕೆಯಿಂದ ವಾಪಸಾತಿ ದಾರಿಯಲ್ಲಿ ಬಿದ್ದರು. ಬ್ರಿಟಿಷ್-ಭಾರತೀಯ ಪಕ್ಷದಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸುಮಾರು 16,000.

ಆಗಸ್ಟ್ ಕೊನೆಯಲ್ಲಿ ಕವಾಬೆ ಮತ್ತು ಮುತಾಗುಚಿ ಇಬ್ಬರನ್ನೂ ಬದಲಿಸಲಾಯಿತು. ಬರ್ಮಾದ ಹೊಣೆ ಕಿಮುರಾಗೆ ಹೋಯಿತು. 14ನೇ ಸೇನೆ ಇಂಫಾಲದಲ್ಲಿ ಕಲಿತದ್ದನ್ನು ತನ್ನ ಕಟ್ಟಿನಲ್ಲೇ ಸೇರಿಸಿಕೊಂಡಿತು. ಸಾಗಣೆ ವಿಮಾನಗಳಿಗೆ ಪ್ರತ್ಯೇಕ ಕಾಂಬ್ಯಾಟ್ ಕಾರ್ಗೊ ಟಾಸ್ಕ್ ಫೋರ್ಸ್ ಬಂತು. ತಿಡ್ಡಿಮ್ ರಸ್ತೆಯಲ್ಲಿ ಹೇಸರಗತ್ತೆಗಳೊಂದಿಗೆ ನಡೆದುಬಂದಿದ್ದ 17ನೇ ಲೈಟ್ ಡಿವಿಷನ್ನನ್ನು ಎರಡು ಲಾರಿ ಬ್ರಿಗೇಡ್, ವಿಮಾನದಲ್ಲಿ ಹೋಗಬಲ್ಲ ಒಂದು ಬ್ರಿಗೇಡ್ ಎಂದು ಹೊಸದಾಗಿ ಜೋಡಿಸಲಾಯಿತು. 1945ರ ಫೆಬ್ರವರಿ ಕೊನೆಯಲ್ಲಿ ಲಾರಿ ಬ್ರಿಗೇಡ್‌ಗಳು ಮಧ್ಯ ಬರ್ಮಾದ ಮೇಕ್ತಿಲಾದತ್ತ ನುಗ್ಗಿ ದಾರಿಯಲ್ಲೊಂದು ವಿಮಾನದಾಣ ಹಿಡಿದವು. ಮೂರನೆಯ ಬ್ರಿಗೇಡ್ ಅಲ್ಲಿಗೆ ವಿಮಾನದಲ್ಲಿ ಬಂದಿಳಿಯಿತು.